ಭಯಕ್ಕೆ ಸಾಕ್ಷಿ ಯಾರು?

1916ನೆಯ ಇಸವಿ ಅಕ್ಟೋಬರ್ 18ರ ಬೆಳಗಿನ ಜಾವ ಫ್ರಾನ್ಸಿನಲ್ಲಿ ಹ್ಯಾರಿ ಫಾರ್ ಎಂಬ ಇಂಗ್ಲಿಷ್ ಸಿಪಾಯಿಯನ್ನು ಅವನ ಸೈನ್ಯದವರೇ ಗುಂಡಿಕ್ಕಿ ಕೊಂದರು. ಆಗ ಅವನಿಗೆ 25 ವರ್ಷ. ಊರಿನಲ್ಲಿ ಹೆಂಡತಿ, ಎಳೆಯ ಮಗಳು. ಅವನ ಮೇಲಿದ್ದ ಆರೋಪ ಹೇಡಿತನ. ಸೊಮ್ ನದಿಯ ಕಾಳಗ ಬಿರುಸಾಗಿ ನಡೆಯುತ್ತಿದ್ದ ಸೆಪ್ಟೆಂಬರ್ ತಿಂಗಳಲ್ಲಿ ಮುಂಚೂಣಿಯ ಕಂದಕಕ್ಕೆ ಹೋಗೆಂದು ಅಪ್ಪಣೆಯಾದಾಗ ಅವನು ತನ್ನ ಕೈಲಾಗದೆಂದ, ತಡೆದುಕೊಳ್ಳಲಾರೆನೆಂದ. ಎಳೆದುಕೊಂಡು ಹೊರಟರೆ ಕೊಸರಿಕೊಂಡು ಹಿಂದಕ್ಕೆ ಓಡಿಬಂದ. ಹಿಂದಿನ ವರ್ಷ ಇದೇ ಬಗೆಯ ನರದೌರ್ಬಲ್ಯಕ್ಕಾಗಿ ಐದು ತಿಂಗಳು ಆಸ್ಪತ್ರೆಯಲ್ಲಿದ್ದವನು ಅವನು. ಸೈನಿಕ ನ್ಯಾಯಾಲಯದ ವಿಚಾರಣೆ ಸುಮಾರು 20 ನಿಮಿಷಗಳಲ್ಲಿ ಮುಗಿಯಿತು. ಅವನ ಪರವಾಗಿ ವಾದಿಸಲು ಯಾರೂ ಇರಲಿಲ್ಲ. ಬಂಧನವಾದ ಮೇಲೆ ಕಾಯಿಲೆಯೆಂದು ವೈದ್ಯರಲ್ಲಿಗೆ ಏಕೆ ಹೋಗಲಿಲ್ಲವೆಂದು ಕೇಳಿದರು. ಷೆಲ್ಲುಗಳ ಹೊಡೆತದಿಂದ ದೂರವಿದ್ದಾಗ ತನಗೆ ವಾಸಿ ಎನಿಸುತ್ತದೆ ಎಂದು ಅವನು ಉತ್ತರ ಕೊಟ್ಟ. ವೈದ್ಯಾಧಿಕಾರಿಯಾದರೋ ಅವನನ್ನು ಪರೀಕ್ಷಿಸಿ, ದೇಹಸ್ಥಿತಿ ಮನಃಸ್ಥಿತಿ ಎರಡೂ ತೃಪ್ತಿಕರವೆಂದು ಬರೆದುಕೊಟ್ಟಿದ್ದ.

ಆ ಇಪ್ಪತ್ತು ನಿಮಿಷಗಳಲ್ಲಿ ನ್ಯಾಯಾಧಿಪತಿಗಳ ಮುಂದೆ ಮೂರು ಬಗೆಯ ಸಾಕ್ಷ್ಯವಿತ್ತು. ತನಗೇನಾಗುತ್ತದೆಂದು ಸಿಪಾಯಿ ತಾನೇ ಹೇಳಿದ ಮಾತು ಒಂದು. ಅವನು ಓಡಿಬಂದ ನಡತೆ ಇನ್ನೊಂದು. ನಾಡಿ ಹಿಡಿದು ನೋಡಿದ ವೈದ್ಯನ ಬರಹ ಮತ್ತೊಂದು. ಅವರು ನಡತೆಯನ್ನು ನೋಡಿದರು, ವೈದ್ಯನನ್ನು ನಂಬಿದರು, ಮಾತನ್ನು ಬದಿಗಿಟ್ಟರು. ಭಯವೆಂಬುದನ್ನು ಅಳೆಯುವುದು ಹೇಗೆ, ಭಯಗೊಂಡವನ ಬಾಯಿಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆಯ ಸುತ್ತ ಮನಶ್ಶಾಸ್ತ್ರಜ್ಞರು ನೂರು ವರ್ಷಕ್ಕೂ ಮೀರಿ ಜಗಳವಾಡಿದ್ದಾರೆ. ಆ ಜಗಳದಲ್ಲಿಯೂ ತಿರುತಿರುಗಿ ಕಾಣುವುದು ಇದೇ ಮೂವರು ಸಾಕ್ಷಿಗಳು.

ನಾನು ಕನ್ನಡದ ಅಧ್ಯಾಪಕ. ಮನಶ್ಶಾಸ್ತ್ರ ನನ್ನ ವಿಷಯವಲ್ಲ. ಆದರೆ ಮೌಖಿಕ ಪರೀಕ್ಷೆಯ ಮೇಜಿನ ಈಚೆ ಬದಿಯಲ್ಲಿ ಕುಳಿತವರಿಗೆಲ್ಲ ಈ ಸಮಸ್ಯೆಯ ಪರಿಚಯವುಂಟು. “ಹೆದರಿಕೆಯೇನಪ್ಪ?” ಎಂದು ಕೇಳಿದರೆ “ಇಲ್ಲ ಸಾರ್” ಎನ್ನುವ ಹುಡುಗನ ಕೈಯಲ್ಲಿ ಕಾಗದ ಅರಳಿ ಎಲೆಯಂತೆ ಅಲುಗುತ್ತಿರುತ್ತದೆ. “ತುಂಬಾ ಭಯ ಸಾರ್” ಎನ್ನುತ್ತಲೇ ಒಳಗೆ ಬರುವ ಹುಡುಗಿ ನೀರು ಕುಡಿದಷ್ಟು ಸರಾಗವಾಗಿ ಉತ್ತರ ಹೇಳಿ ಹೋಗುತ್ತಾಳೆ. ಇಬ್ಬರಲ್ಲಿ ಯಾರಿಗೆ ಭಯ ಹೆಚ್ಚು? ಹುಡುಗ ಸುಳ್ಳಾಡಿದನೇ, ಅಥವಾ ತನ್ನ ಭಯ ಅವನಿಗೇ ತಿಳಿಯದೇ?

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮನಶ್ಶಾಸ್ತ್ರ ಪ್ರಯೋಗಶಾಲೆಯನ್ನು ಹೊಕ್ಕಾಗ ಬಾಯಿಮಾತಿಗೆ ಇದ್ದ ಮರ್ಯಾದೆ ದೊಡ್ಡದು. 1879ರಲ್ಲಿ ಲೈಪ್ಜಿಗ್ ನಗರದಲ್ಲಿ ವುಂಟ್ ತನ್ನ ಪ್ರಯೋಗಶಾಲೆಯನ್ನು ತೆರೆದ. ಅಲ್ಲಿ ತರಬೇತಾದವರು ತಮ್ಮ ಮನಸ್ಸಿನೊಳಗೆ ತಾವೇ ಇಣಿಕಿ ಕಂಡದ್ದನ್ನು ವರದಿ ಮಾಡುತ್ತಿದ್ದರು. ಇದಕ್ಕೆ ಆಕ್ಷೇಪಣೆ ಮೊದಲೇ ಹುಟ್ಟಿತ್ತು. ಯೋಚಿಸುವವನು ತನ್ನನ್ನು ಎರಡಾಗಿ ಸೀಳಿಕೊಂಡು ಒಂದು ಹೋಳಿನಿಂದ ಇನ್ನೊಂದನ್ನು ನೋಡಲಾರನೆಂದು ಫ್ರಾನ್ಸಿನ ಕೋಂಟ್ ಹೇಳಿದ್ದ. ಯೋಚನೆಯ ವಿಷಯದಲ್ಲಿ ಈ ಮಾತು ಹೇಗೋ ತಿಳಿಯದು. ಭಯದ ವಿಷಯದಲ್ಲಂತೂ ಬಹುಪಾಲು ನಿಜ. ಹುಲಿಯ ಮುಂದೆ ನಿಂತವನು ತನ್ನ ಮನಸ್ಸನ್ನು ಅವಲೋಕಿಸುತ್ತ ನಿಲ್ಲುವುದಿಲ್ಲ. ನಿಂತರೆ ವರದಿ ಕೊಡಲು ಉಳಿಯುವುದಿಲ್ಲ. ಭಯದ ವರದಿಗಳೆಲ್ಲ ಬಹುಮಟ್ಟಿಗೆ ನೆನಪುಗಳು, ಇಲ್ಲವೆ ಮುಂದಾಗುವುದರ ಊಹೆಗಳು.

ಆಮೇಲೆ ಬಂದವರು ಬಾಯಿಯನ್ನೇ ಮುಚ್ಚಿಸಿದರು. 1913ರಲ್ಲಿ ಅಮೆರಿಕದ ವಾಟ್ಸನ್, ಮನಶ್ಶಾಸ್ತ್ರ ವಿಜ್ಞಾನವಾಗಬೇಕಾದರೆ ಹೊರಗೆ ಕಾಣುವ ನಡತೆಯನ್ನು ಮಾತ್ರ ಗಣಿಸಬೇಕೆಂದು ಸಾರಿದ. 1920ರಲ್ಲಿ ಅವನೂ ಅವನ ಸಹಾಯಕಿ ರೇನರಳೂ ಪ್ರಕಟಿಸಿದ ಪ್ರಯೋಗ ಕುಪ್ರಸಿದ್ಧವಾಗಿದೆ. ಒಂದು ವರ್ಷವೂ ತುಂಬದ ಕೂಸಿಗೆ ಬಿಳಿಯ ಇಲಿಯನ್ನು ತೋರಿಸುವುದು, ಅದು ಕೈಚಾಚಿದಾಗ ಬೆನ್ನ ಹಿಂದೆ ಉಕ್ಕಿನ ಸರಳನ್ನು ಸುತ್ತಿಗೆಯಿಂದ ಬಡಿಯುವುದು. ಕೆಲವು ಸಲದಲ್ಲಿ ಕೂಸು ಇಲಿಯನ್ನು ಕಂಡರೇ ಅಳತೊಡಗಿತು. ಇದರ ಕ್ರೌರ್ಯದ ಮಾತು ಇಲ್ಲಿ ಬೇಡ. ಮಾತು ಬಾರದ ಕೂಸನ್ನು ಆರಿಸಿಕೊಂಡದ್ದು ವಾಟ್ಸನನ ಮತಕ್ಕೆ ಎಷ್ಟು ಒಪ್ಪುತ್ತದೆಂಬುದನ್ನು ಗಮನಿಸಬೇಕು. ಅದಕ್ಕೆ ಹನ್ನೊಂದು ವರ್ಷ ಮುಂಚೆ, 1909ರಲ್ಲಿ, ಫ್ರಾಯ್ಡ್ ಇನ್ನೊಂದು ಮಗುವಿನ ಕತೆಯನ್ನು ಪ್ರಕಟಿಸಿದ್ದ. ಕುದುರೆಯನ್ನು ಕಂಡರೆ ಹೆದರುವ ಐದು ವರ್ಷದ ಹುಡುಗ ಅವನು. ಅಲ್ಲಿ ಇದ್ದದ್ದೆಲ್ಲ ಮಾತು, ಅದೂ ತಂದೆ ಕೇಳಿ ತಂದೆಯೇ ಬರೆದು ಕಳಿಸಿದ ಮಾತು. 1960ರಲ್ಲಿ ವೋಲ್ಪೆ ಮತ್ತು ರಾಕ್ಮನ್ ಎಂಬಿಬ್ಬರು ಅದನ್ನು ಬಿಡಿಸಿ ನೋಡಿ, ಹುಡುಗ ಹೇಳಿದನೆನ್ನುವುದರಲ್ಲಿ ಎಷ್ಟೋ ಭಾಗ ತಂದೆ ಅವನ ಬಾಯಿಗೆ ಹಾಕಿದ್ದು ಎಂದು ತೋರಿಸಿದರು. ಹೀಗೆ ಒಂದು ಕಡೆ ಮಾತೇ ಇಲ್ಲದ ಭಯ, ಇನ್ನೊಂದು ಕಡೆ ಎರವಲು ಮಾತಿನ ಭಯ. ಎರಡರ ಮೇಲೂ ದೊಡ್ಡ ಸಿದ್ಧಾಂತಗಳು ಎದ್ದುನಿಂತವು.

ಆದರೆ ಪಂಡಿತರ ಮತಗಳಿಗಿಂತ ಯುದ್ಧಗಳೇ ಈ ವಿಷಯವನ್ನು ಮುಂದಕ್ಕೆ ನೂಕಿದವೆಂದು ನನಗೆ ತೋರುತ್ತದೆ. 1915ರ ಫೆಬ್ರವರಿಯಲ್ಲಿ ಮೈಯರ್ಸ್ ಎಂಬ ವೈದ್ಯ ‘ಷೆಲ್ ಷಾಕ್’ ಎಂಬ ಹೆಸರನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದ. ಗಾಯವಿಲ್ಲ, ರಕ್ತವಿಲ್ಲ, ಆದರೂ ಕಣ್ಣು ಮಂಜಾಗುತ್ತದೆ, ನೆನಪು ಅಳಿಯುತ್ತದೆ, ನಡುಕ ನಿಲ್ಲುವುದಿಲ್ಲ. ಇಂಥವರು ಸಾವಿರಗಟ್ಟಲೆ ಬರತೊಡಗಿದಾಗ ಸೈನ್ಯಗಳು ದಿಕ್ಕುಗೆಟ್ಟವು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಇಂಥ ದುರ್ಬಲರನ್ನು ಮೊದಲೇ ಆರಿಸಿ ತೆಗೆಯುವ ಉಪಾಯಕ್ಕಾಗಿ ಕೊಲಂಬಿಯ ವಿಶ್ವವಿದ್ಯಾನಿಲಯದ ವುಡ್‌ವರ್ತ್ ಎಂಬ ಪ್ರಾಧ್ಯಾಪಕನ ಮೊರೆಹೊಕ್ಕರು. ಅವನು ನರರೋಗಿಗಳ ಇತಿವೃತ್ತಗಳನ್ನು ಸೋಸಿ, ಹೌದು ಅಥವಾ ಅಲ್ಲ ಎಂದು ಉತ್ತರಿಸಬಹುದಾದ 116 ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಗೊಳಿಸಿದ. ರಾತ್ರಿ ನಿದ್ದೆ ಹೇಗೆ, ಎದೆ ಬಡಿದುಕೊಳ್ಳುವುದುಂಟೆ, ಇಂಥ ಪ್ರಶ್ನೆಗಳು. ಸೈನ್ಯದಲ್ಲಿ ಅದನ್ನು ಎಲ್ಲೆಡೆ ಬಳಕೆಗೆ ತರುವಷ್ಟರಲ್ಲಿ ಯುದ್ಧವೇ ಮುಗಿಯಿತು. ಆದರೆ ಪಟ್ಟಿ ಸಾಯಲಿಲ್ಲ. ಮನಸ್ಸಿನ ಕ್ಷೋಭೆಯನ್ನು ಅಚ್ಚಾದ ಕಾಗದದ ಮೇಲೆ ಗೆರೆ ಎಳೆಸಿ ಎಣಿಸುವ ಇಂದಿನ ಪದ್ಧತಿಗೆ ಅದೇ ಮೂಲಪುರುಷ.

ಇದರಲ್ಲೊಂದು ವ್ಯಂಗ್ಯವಿದೆ. ತನ್ನ ವಿಷಯವಾಗಿ ತಾನೇ ಹೇಳುವ ಮಾತನ್ನು ನಂಬಲಾಗದೆಂದು ವಾಟ್ಸನನ ಶಿಷ್ಯರು ಸಾರುತ್ತಿದ್ದ ಕಾಲದಲ್ಲೇ ಸೈನ್ಯದವರು ಅದೇ ಮಾತನ್ನು ನೂರಾರು ಪ್ರಶ್ನೆಗಳಲ್ಲಿ ಕೇಳತೊಡಗಿದರು. ಕಾರಣ ಬೇರೇನೂ ಅಲ್ಲ, ಅಗ್ಗವೆಂಬುದು. ಸಾವಿರ ಜನರ ನಾಡಿ ಹಿಡಿದು ಕುಳಿತುಕೊಳ್ಳಲಾಗದು. ಸಾವಿರ ಕಾಗದ ಹಂಚಬಹುದು.

ಎರಡನೆಯ ಮಹಾಯುದ್ಧದ ನಡುವೆ ಯೇಲ್ ವಿಶ್ವವಿದ್ಯಾನಿಲಯದ ಡಾಲರ್ಡ್ ಕೈಕೊಂಡ ಕೆಲಸ ನನಗೆ ಬಹಳ ಹಿಡಿಸಿತು. ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರವಾಗಿ ಸ್ವಇಚ್ಛೆಯಿಂದ ಹೋಗಿ ಹೋರಾಡಿ ಬಂದಿದ್ದ 300 ಮಂದಿ ಅಮೆರಿಕನರಿಗೆ ಅವನು ಪ್ರಶ್ನಾವಳಿ ಕೊಟ್ಟ. ಅವರಾಗಿಯೇ ಯುದ್ಧಕ್ಕೆ ಹೋದವರು. ಹೇಡಿಗಳೆಂದು ಅವರನ್ನು ಯಾರೂ ಅನ್ನುವಂತಿರಲಿಲ್ಲ. ಯುದ್ಧ ಮುಗಿದುಹೋಗಿತ್ತು, ಉತ್ತರದಿಂದ ಬಡ್ತಿಯಿಲ್ಲ, ಶಿಕ್ಷೆಯಿಲ್ಲ. ಮೊದಲ ಸಲ ಕಾಳಗಕ್ಕಿಳಿದಾಗ ಭಯವಾಯಿತೆಂದು ಹತ್ತರಲ್ಲಿ ಏಳು ಮಂದಿ ಒಪ್ಪಿಕೊಂಡರು. ಭಯವನ್ನು ಮುಚ್ಚಿಡುವುದಕ್ಕಿಂತ ಕಾಳಗಕ್ಕೆ ಮುಂಚೆ ಬಾಯಿಬಿಟ್ಟು ಆಡಿಕೊಳ್ಳುವುದು ಮೇಲೆಂದು ಬಹುಮಂದಿ ಹೇಳಿದರು. ಹ್ಯಾರಿ ಫಾರನ ನ್ಯಾಯಾಧಿಪತಿಗಳಿಗೆ ಭಯವೆಂಬುದು ಒಬ್ಬನ ನಾಚಿಕೆಗೇಡಾಗಿ ಕಂಡಿತ್ತು. ಇಲ್ಲಿ ಅದು ಎಲ್ಲರ ಅನುಭವವಾಗಿ ಹೊರಬಿತ್ತು. ಹೊರತಂದದ್ದು ಬಾಯಿಮಾತೇ. ನಾಡಿ ಬಡಿತವನ್ನು ಎಷ್ಟು ಎಣಿಸಿದ್ದರೂ ಇದು ತಿಳಿಯುತ್ತಿರಲಿಲ್ಲ.

ಯುದ್ಧಾನಂತರ 1949ರಲ್ಲಿ ಸ್ಟೌಫರ್ ಮತ್ತು ಸಂಗಡಿಗರು ಅಮೆರಿಕದ ಸೈನಿಕರನ್ನು ಕುರಿತು ಪ್ರಕಟಿಸಿದ ದಪ್ಪ ಸಂಪುಟಗಳಲ್ಲಿ ಇದೇ ಬಗೆಯ ಪಟ್ಟಿಯೊಂದಿದೆ. ಕಾಳಗದಲ್ಲಿ ನಿಮಗೆ ಏನೇನಾಯಿತು ಎಂಬ ಪ್ರಶ್ನೆಗೆ ಎದೆ ಡವಡವ ಹೊಡೆದುಕೊಂಡಿತೆಂದು ಒಪ್ಪಿದವರು ಎಲ್ಲಕ್ಕಿಂತ ಹೆಚ್ಚು. ಹೊಟ್ಟೆಯಲ್ಲಿ ತಳಮಳ, ಮೈನಡುಕ ಮುಂತಾದುವು ಅದರ ಕೆಳಗೆ. ಬಟ್ಟೆಯಲ್ಲೇ ಮೂತ್ರವಾಯಿತೆಂದು ಒಪ್ಪಿದವರು ತೀರ ಕಡಿಮೆ. ಈ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋದರೆ ಒಂದು ಸಂದೇಹ ಹುಟ್ಟುತ್ತದೆ. ಇದು ದೇಹಕ್ಕೆ ಆದದ್ದರ ಕ್ರಮವೇ, ಅಥವಾ ಹೇಳಿಕೊಳ್ಳಲು ನಾಚಿಕೆಯಾಗುವುದರ ಕ್ರಮವೇ? ಎದೆ ಬಡಿದುಕೊಂಡಿತೆಂದರೆ ಅವಮಾನವಿಲ್ಲ. ಕಾದಂಬರಿಯ ನಾಯಕನಿಗೂ ಬಡಿದುಕೊಳ್ಳುತ್ತದೆ.

ಈ ಸಂದೇಹಕ್ಕೆ ಅಂಕಿಯ ರೂಪ ಕೊಟ್ಟವನು ಎಡ್ವರ್ಡ್ಸ್. 1953ರಲ್ಲಿ ಅವನು ಸ್ವಭಾವವನ್ನು ಕುರಿತ 140 ವಾಕ್ಯಗಳನ್ನು ಮೊದಲು ಒಂದು ಗುಂಪಿನ ಮುಂದಿಟ್ಟು, ಇವುಗಳಲ್ಲಿ ಯಾವುದು ಎಷ್ಟು ಮೆಚ್ಚತಕ್ಕದ್ದೆಂದು ಕೇಳಿದ. ಆಮೇಲೆ ಬೇರೆ ಗುಂಪಿಗೆ ಕೊಟ್ಟು, ಇವು ನಿಮಗೆ ಒಪ್ಪುತ್ತವೆಯೇ ಎಂದು ಕೇಳಿದ. ಎರಡರ ಸಂಬಂಧ 0.87. ಗಣಿತ ತಿಳಿಯದ ನಮ್ಮಂಥವರಿಗೆ ಹೇಳುವುದಾದರೆ, ಸಂಬಂಧ ಪೂರ್ಣವಾದರೆ ಈ ಅಂಕಿ ಒಂದು, ಏನೂ ಇಲ್ಲದಿದ್ದರೆ ಸೊನ್ನೆ. ಜನ ತಮ್ಮ ಬಗ್ಗೆ ಹೌದೆನ್ನುವುದು ಬಹುಪಾಲು ಲೋಕ ಮೆಚ್ಚುವುದಕ್ಕೇ ಎಂದಾಯಿತು. ಅದೇ 1953ರಲ್ಲಿ ಜ್ಯಾನೆಟ್ ಟೇಲರ್ ಎಂಬಾಕೆ 50 ವಾಕ್ಯಗಳ ಆತಂಕಮಾಪನ ಪಟ್ಟಿಯನ್ನು ಪ್ರಕಟಿಸಿದ್ದಳು. ಅದು ಪ್ರಯೋಗಶಾಲೆಗಳಲ್ಲೆಲ್ಲ ಹಬ್ಬುತ್ತಿತ್ತು. ಆತಂಕವಿದೆಯೆಂಬ ಮಾತು ಯಾರೂ ಮೆಚ್ಚುವ ಮಾತಲ್ಲ. ಹಾಗಾದರೆ ಕಡಿಮೆ ಅಂಕ ಪಡೆದವನು ಆತಂಕವಿಲ್ಲದವನೋ, ಮರ್ಯಾದೆಗೆ ಅಂಜುವವನೋ?

ಇದಕ್ಕೆ ಉತ್ತರ ಸಿಕ್ಕಿದ್ದು 1979ರಲ್ಲಿ. ವೈನ್‌ಬರ್ಗರ್ ಮತ್ತಿಬ್ಬರು ಆತಂಕದ ಪಟ್ಟಿಯ ಜೊತೆಗೆ, ತನ್ನನ್ನು ತಾನು ಸಭ್ಯನೆಂದು ತೋರಿಸಿಕೊಳ್ಳುವ ಚಪಲವನ್ನು ಅಳೆಯುವ ಇನ್ನೊಂದು ಪಟ್ಟಿಯನ್ನೂ ಕೊಟ್ಟರು. ಆತಂಕವಿಲ್ಲವೆಂದವರು ಆಗ ಎರಡು ಪಂಗಡವಾದರು. ಕಸಿವಿಸಿ ಹುಟ್ಟಿಸುವ ಮಾತುಗಳನ್ನು ಅವರ ಮುಂದಿಟ್ಟು ಎದೆಬಡಿತ, ಅಂಗೈ ಬೆವರು, ಹಣೆಯ ಸ್ನಾಯುಗಳ ಬಿಗಿತ ಇವನ್ನು ಅಳೆದಾಗ ಒಂದು ಪಂಗಡದವರು ನಿಜವಾಗಿ ನೆಮ್ಮದಿಯಾಗಿದ್ದರು. ಸಭ್ಯತೆಯ ಚಪಲವಿದ್ದ ಪಂಗಡದವರ ಮೈ ಮಾತ್ರ ಬಾಯಿಗೆ ಎದುರುಸಾಕ್ಷಿ ನುಡಿಯುತ್ತಿತ್ತು. ನನ್ನ ಮೌಖಿಕ ಪರೀಕ್ಷೆಯ ಹುಡುಗ ಈ ಪಂಗಡದವನು. ಅವನು ಸುಳ್ಳುಗಾರನಲ್ಲ, ಬೇರೆಯವರಿಗೆ ಹೇಳುವ ಮೊದಲು ತನಗೇ ಹಾಗೆಂದು ಹೇಳಿಕೊಂಡು ನಂಬಿದವನು.

ಹಾಗಾದರೆ ಬಾಯನ್ನು ಬಿಟ್ಟು ಮೈಯನ್ನೇ ನಂಬಬಹುದಲ್ಲ ಎಂದು ವಾಚಕರು ಕೇಳಬಹುದು. ಇಲ್ಲಿ ನನ್ನ ಪಾಠದ ಕೋಣೆಯ ಕಡೆಗೆ ಒಂದು ಹೆಜ್ಜೆ ಹೋಗಿಬರುತ್ತೇನೆ. ಭಯಾನಕ ರಸಕ್ಕೆ ಭಯ ಸ್ಥಾಯಿ ಎಂದು ಹೇಳಿದ ಭರತಮುನಿ, ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸಿದ್ದಾನೆ. ಪಾತ್ರ “ನನಗೆ ಭಯವಾಯಿತು” ಎಂದು ಬಾಯಲ್ಲಿ ಹೇಳಿಬಿಟ್ಟರೆ ರಸ ಹುಟ್ಟುವುದಿಲ್ಲ. ಸ್ಥಾಯಿಯನ್ನು ಅದರ ಹೆಸರಿನಿಂದಲೇ ಹೇಳುವುದು ರಸದೋಷವೆಂದು ಮಮ್ಮಟನಂಥ ಆಲಂಕಾರಿಕರು ವಿಧಿಸಿದರು. ಮೇಲುನೋಟಕ್ಕೆ ಇವರೂ ವಾಟ್ಸನನ ಕಡೆಯವರೇ. ಆದರೆ ಭರತನು ಅಲ್ಲಿಗೇ ನಿಲ್ಲಿಸಲಿಲ್ಲ. ಬೆವರು ಭಯದಿಂದಲೂ ಬರುತ್ತದೆ, ಕೋಪದಿಂದಲೂ, ಹರ್ಷದಿಂದಲೂ, ಶ್ರಮದಿಂದಲೂ, ಬಿಸಿಲಿನಿಂದಲೂ ಬರುತ್ತದೆ. ರೋಮಾಂಚ ಭಯಕ್ಕೂ ಉಂಟು, ಚಳಿಗೂ ಉಂಟು, ಸಂತೋಷಕ್ಕೂ ಉಂಟು ಎಂದು ಕಾರಣಗಳನ್ನು ಬಿಡಿಬಿಡಿಯಾಗಿ ಹೇಳಿದ. ಲಕ್ಷಣವೊಂದನ್ನೇ ಕಂಡು ಭಾವ ಇದೇ ಎಂದು ನಿಶ್ಚಯಿಸಲಾಗದು. ಅಲ್ಲದೆ ಮನಸ್ಸನ್ನು ಒಂದೆಡೆ ನಿಲ್ಲಿಸಬಲ್ಲ ನಟನು ಇವೆಲ್ಲವನ್ನೂ ರಂಗದ ಮೇಲೆ ತರಬಲ್ಲ.

1884ರಲ್ಲಿ ವಿಲಿಯಂ ಜೇಮ್ಸ್, ನಾವು ಹೆದರಿ ನಡುಗುವುದಲ್ಲ, ನಡುಗುವುದರಿಂದ ಹೆದರುತ್ತೇವೆ ಎಂಬ ಚಮತ್ಕಾರದ ಸಿದ್ಧಾಂತವನ್ನು ಮಂಡಿಸಿದ. 1927ರಲ್ಲಿ ಹಾರ್ವರ್ಡಿನ ಶರೀರಶಾಸ್ತ್ರಜ್ಞ ಕ್ಯಾನನ್ ಅದನ್ನು ಖಂಡಿಸಿದಾಗ ಕೊಟ್ಟ ಕಾರಣಗಳಲ್ಲಿ ಒಂದು ಭರತನ ಪಟ್ಟಿಯನ್ನೇ ನೆನಪಿಗೆ ತರುತ್ತದೆ. ಭಯದಲ್ಲಿ, ಕೋಪದಲ್ಲಿ, ಜ್ವರದಲ್ಲಿ, ಚಳಿಯಲ್ಲಿ ಒಳಗಿನ ಅಂಗಗಳಲ್ಲಾಗುವ ಬದಲಾವಣೆ ಒಂದೇ ಬಗೆಯದು. ಹಾಗಿದ್ದಮೇಲೆ ಅದರಿಂದ ಭಾವಗಳನ್ನು ಬೇರ್ಪಡಿಸುವುದು ಹೇಗೆ ಎಂದು ಅವನ ಪ್ರಶ್ನೆ. ಕ್ಯಾನನ್ ನಾಟ್ಯಶಾಸ್ತ್ರವನ್ನು ಕಂಡವನೆಂದು ನಾನು ಹೇಳುತ್ತಿಲ್ಲ. ನಮ್ಮವರು ಎಲ್ಲವನ್ನೂ ಮೊದಲೇ ಹೇಳಿದ್ದರೆಂದು ಎದೆತಟ್ಟಿಕೊಳ್ಳುವವರ ಗುಂಪಿಗೂ ನಾನು ಸೇರಿದವನಲ್ಲ. ಬೆವರನ್ನು ಗಮನವಿಟ್ಟು ನೋಡಿದವರೆಲ್ಲರಿಗೂ ಹೊಳೆಯುವ ಸಂಗತಿ ಇದು, ಅಷ್ಟೇ.

1950ರ ದಶಕದಿಂದ ಮುಂದೆ ಮೂವರು ಸಾಕ್ಷಿಗಳನ್ನೂ ಒಟ್ಟಿಗೆ ಕಟಕಟೆಗೆ ತರುವ ಪ್ರಯತ್ನ ನಡೆಯಿತು. 1956ರಲ್ಲಿ ವಾಕ್ ಎಂಬಾತ ಪ್ಯಾರಾಷೂಟ್ ದಳಕ್ಕೆ ತರಬೇತಾಗುತ್ತಿದ್ದ ಸೈನಿಕರಿಗೆ ಥರ್ಮಾಮೀಟರಿನ ಚಿತ್ರವನ್ನು ಕೊಟ್ಟು, ಗೋಪುರದಿಂದ ಜಿಗಿಯುವಾಗಿನ ಭಯ ಎಷ್ಟು ಡಿಗ್ರಿಯೆಂದು ಗುರುತು ಹಾಕಿಸಿದ. ಜ್ವರದ ಕಡ್ಡಿಯಂತೆ ಭಯದ ಕಡ್ಡಿ! ಕಲ್ಪನೆ ಸೊಗಸಾಗಿದೆ, ಆದರೆ ಜ್ವರದ ಕಡ್ಡಿಯಲ್ಲಿ ಪಾದರಸ ತಾನಾಗಿ ಏರುತ್ತದೆ, ಇಲ್ಲಿ ಅದನ್ನು ಏರಿಸುವವನು ರೋಗಿಯೇ. 1963ರಲ್ಲಿ ಪೀಟರ್ ಲ್ಯಾಂಗ್ ಮತ್ತು ಲಾಜೊವಿಕ್ ಹಾವಿಗೆ ಹೆದರುವ ಕಾಲೇಜು ವಿದ್ಯಾರ್ಥಿಗಳನ್ನು ವಿಷವಿಲ್ಲದ ಹಾವೊಂದರ ಬಳಿಗೆ ನಡೆಸಿದರು. ಎಷ್ಟು ಹತ್ತಿರ ಹೋದರೆಂಬುದನ್ನು ಅಳೆದರು, ಭಯದ ಕಡ್ಡಿಯನ್ನೂ ತುಂಬಿಸಿದರು. ಎರಡಕ್ಕೂ ತಾಳೆಯಿತ್ತು, ಆದರೆ ಪೂರ್ತಿಯಾಗಿ ಅಲ್ಲ. ಇಂಥ ಅನುಭವಗಳನ್ನೆಲ್ಲ ಕೂಡಿಸಿ ಲ್ಯಾಂಗ್ 1968ರಲ್ಲಿ ಒಂದು ದೊಡ್ಡ ಮಾತು ಹೇಳಿದ. ಭಯವೆಂಬುದು ಒಳಗೆ ಕುಳಿತಿರುವ ಒಂದು ಗಟ್ಟಿಯಲ್ಲ. ನುಡಿ, ನಡೆ, ದೇಹದ ವಿಕಾರ ಎಂಬ ಮೂರು ವ್ಯವಸ್ಥೆಗಳು ಸಡಿಲವಾಗಿ ಹೆಣೆದುಕೊಂಡಿವೆ. ಒಂದು ಏರಿದಾಗ ಇನ್ನೊಂದು ಏರಲೇಬೇಕೆಂಬ ನಿಯಮವಿಲ್ಲ. ರಾಕ್ಮನ್ ಮತ್ತು ಹಾಡ್ಸನ್ 1974ರಲ್ಲಿ ಈ ವಿಚಾರವನ್ನು ಇನ್ನೂ ಬೆಳೆಸಿದರು. ಚಿಕಿತ್ಸೆ ಪಡೆದವನು ಮೊದಲು ಹಾವಿನ ಹತ್ತಿರ ಹೋಗಲು ಕಲಿಯಬಹುದು, ಎದೆಬಡಿತ ಆಮೇಲೆ ತಗ್ಗಬಹುದು, “ಈಗ ಭಯವಿಲ್ಲ” ಎಂಬ ಮಾತು ಎಲ್ಲಕ್ಕೂ ಕೊನೆಗೆ ಬರಬಹುದು.

ಹೀಗೆಂದ ಮೇಲೆ ಹಳೆಯ ಪ್ರಶ್ನೆಯ ಆಕಾರವೇ ಬದಲಾಯಿತು. ಬಾಯಿಮಾತು ನಾಡಿಯೊಡನೆ ತಾಳೆಯಾಗದಿದ್ದರೆ ಬಾಯಿಮಾತು ಸುಳ್ಳೆಂದು ಹೇಳುತ್ತಿದ್ದರಲ್ಲ, ಅದು ಅವಸರದ ತೀರ್ಪು. ನಾಡಿಯೂ ಒಬ್ಬ ಸಾಕ್ಷಿ ಮಾತ್ರ, ನ್ಯಾಯಾಧೀಶನಲ್ಲ. ಉತ್ತರ ಐರ್ಲೆಂಡಿನಲ್ಲಿ ಬಾಂಬುಗಳನ್ನು ನಿಷ್ಕ್ರಿಯಗೊಳಿಸುತ್ತಿದ್ದ ಬ್ರಿಟಿಷ್ ಸೈನಿಕರನ್ನು ಕುರಿತು ರಾಕ್ಮನ್ ಮತ್ತು ಅವನ ಜೊತೆಗಾರರು 1983ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ನಿದರ್ಶನ. ಶೌರ್ಯಪದಕ ಪಡೆದವರನ್ನೂ, ಅಷ್ಟೇ ಅನುಭವವಿದ್ದು ಪದಕ ಪಡೆಯದವರನ್ನೂ ಒಂದೇ ಕಠಿಣ ಪರೀಕ್ಷೆಗೆ ಒಡ್ಡಿದರು. ಪದಕದವರ ಎದೆಬಡಿತ ಕಡಿಮೆಯಾಗಿಯೇ ಉಳಿಯಿತು. ಭಯದ ಬಗ್ಗೆ ಎರಡು ಗುಂಪಿನವರೂ ಹೇಳಿಕೊಂಡ ಮಾತಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇವರಲ್ಲಿ ಯಾರು ಧೈರ್ಯಶಾಲಿ? ಎದೆ ಬಡಿಯದವನೇ, ಬಡಿಯುತ್ತಿದ್ದರೂ ತಂತಿ ಕತ್ತರಿಸಲು ಬಗ್ಗಿದವನೇ? ನನ್ನ ಮತ ಎರಡನೆಯವನ ಕಡೆಗೆ.

ಕಾಲದ ವಿಷಯವೊಂದುಂಟು. 1970ರಲ್ಲಿ ಸ್ಪೀಲ್‌ಬರ್ಗರ್ ಮತ್ತು ಸಂಗಡಿಗರು ಹೊರತಂದ ಪ್ರಶ್ನಾವಳಿ ಎರಡು ಭಾಗಗಳಾಗಿದೆ, ಒಂದೊಂದರಲ್ಲಿಯೂ 20 ವಾಕ್ಯ. ಮೊದಲನೆಯದು ಈ ಕ್ಷಣದಲ್ಲಿ ನಿನಗೆ ಹೇಗಿದೆ ಎಂದು ಕೇಳುತ್ತದೆ. ಎರಡನೆಯದು ಸಾಮಾನ್ಯವಾಗಿ ಹೇಗಿರುತ್ತದೆ ಎಂದು. ಒಂದು ಸ್ಥಿತಿ, ಇನ್ನೊಂದು ಸ್ವಭಾವ. ಎಷ್ಟೋ ಭಾಷೆಗಳಿಗೆ ಅದು ಅನುವಾದವಾಗಿದೆ. ಎರಡು ಪ್ರಶ್ನೆಗಳನ್ನು ಬೇರೆ ಮಾಡಿದ್ದು ಅಂಥ ಪಾಂಡಿತ್ಯದ ಮಾತೇನಲ್ಲವೆಂದು ತೋರಬಹುದು. ಆದರೆ ಹ್ಯಾರಿ ಫಾರನ ವಿಚಾರಣೆಯಲ್ಲಿ ಇದಕ್ಕೆ ಸ್ಥಳವೇ ಇರಲಿಲ್ಲ. ಷೆಲ್ಲುಗಳ ಸದ್ದಿಲ್ಲದ ಕಡೆ ವೈದ್ಯ ಅವನನ್ನು ಪರೀಕ್ಷಿಸಿ ಏನೂ ಇಲ್ಲವೆಂದ. ಸದ್ದಿಲ್ಲದ ಕಡೆ ತನಗೆ ಏನೂ ಇಲ್ಲವೆಂದು ಸಿಪಾಯಿಯೂ ಹೇಳಿದ್ದ. ಇಬ್ಬರ ಮಾತೂ ಒಂದೇ ಆಗಿತ್ತು. ಅದನ್ನು ವಿರೋಧವೆಂದು ಓದಿದವರು ನ್ಯಾಯಾಧಿಪತಿಗಳು.

ಮೆದುಳಿನ ಕಡೆಗೆ ವಿಜ್ಞಾನಿಗಳ ದೃಷ್ಟಿ ತಿರುಗಿದಮೇಲೆ ಪ್ರಶ್ನಾವಳಿಗಳಿಗೆ ಕಾಲ ಮುಗಿಯಿತೆಂದು ಹಲವರು ನಂಬಿದರು. ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಪುಟ್ಟ ಭಾಗ ಭಯದ ಪೀಠವೆಂದು ಹೆಸರಾಯಿತು. ಅಪರೂಪದ ರೋಗದಿಂದ ಆ ಭಾಗ ಎರಡೂ ಕಡೆ ಹಾಳಾಗಿರುವ ಅಮೆರಿಕದ ಹೆಂಗಸೊಬ್ಬಳನ್ನು ಎಸ್.ಎಂ. ಎಂಬ ಅಕ್ಷರಗಳಿಂದ ಮಾತ್ರ ಗುರುತಿಸುತ್ತಾರೆ. 2011ರಲ್ಲಿ ಪ್ರಕಟವಾದ ವರದಿಯೊಂದರ ಪ್ರಕಾರ ಆಕೆಯನ್ನು ಹಾವು ಜೇಡಗಳನ್ನು ಮಾರುವ ಅಂಗಡಿಗೆ ಕರೆದುಕೊಂಡು ಹೋದರು. ಹಾವುಗಳನ್ನು ಕಂಡರೆ ತನಗಾಗದೆಂದು ವರ್ಷಗಟ್ಟಲೆ ಹೇಳುತ್ತ ಬಂದಿದ್ದವಳು ಅಲ್ಲಿ ಹಾವೊಂದನ್ನು ಕೈಗೆ ತೆಗೆದುಕೊಂಡು ಮೂರು ನಿಮಿಷಕ್ಕೂ ಹೆಚ್ಚು ಕಾಲ ಸವರಿದಳು. ಮಾತಿಗೂ ನಡತೆಗೂ ಎಲ್ಲಿಂದೆಲ್ಲಿಗೆ ಎಂದು ನಗಬಹುದು. ನಗುವ ಮೊದಲು ಇನ್ನೊಂದನ್ನು ಗಮನಿಸಬೇಕು. ಆಕೆಗೆ ಭಯವೇ ಇಲ್ಲವೆಂದು ವಿಜ್ಞಾನಿಗಳಿಗೆ ತಿಳಿದದ್ದು ಹೇಗೆ? ಹಾವನ್ನು ಹಿಡಿದದ್ದರಿಂದ ಮಾತ್ರವೇ ಅಲ್ಲ. ಆಕೆ ತುಂಬಿಕೊಟ್ಟ ಪ್ರಶ್ನಾವಳಿಗಳಿಂದಲೂ ಹೌದು. 2013ರಲ್ಲಿ ಅವಳಿಗೆ ನೂರಕ್ಕೆ 35 ಭಾಗ ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಉಸಿರಾಡಲು ಕೊಟ್ಟಾಗ ಅವಳು ದಿಗಿಲುಬಿದ್ದು ಸಹಾಯಕ್ಕೆ ಕೂಗಿಕೊಂಡಳು. ಭಯದ ಪೀಠವಿಲ್ಲದವಳಿಗೆ ಭಯವಾಯಿತು. ಅದು ಭಯವೇ ಎಂದು ತಿಳಿಸಿದವಳೂ ಅವಳೇ.

ಅಮಿಗ್ಡಲದ ಕೀರ್ತಿಯನ್ನು ಹರಡಿದವರಲ್ಲಿ ಮುಖ್ಯನಾದ ಜೋಸೆಫ್ ಲಡೂ ಎಂಬ ವಿಜ್ಞಾನಿಯೇ 2014ರಲ್ಲಿ ತನ್ನ ಹಳೆಯ ಮಾತನ್ನು ತಿದ್ದಿಕೊಂಡ. ಇಲಿ ಅಲುಗದೆ ಸ್ತಬ್ಧವಾಗಿ ನಿಲ್ಲುವುದನ್ನು ಭಯವೆಂದು ಕರೆಯುವುದು ತಪ್ಪು. ಅದು ಪ್ರಾಣರಕ್ಷಣೆಯ ಸಲಕರಣೆ. ಭಯವೆಂಬ ಹೆಸರು ಅರಿವಿಗೆ ಬರುವ ಅನುಭವಕ್ಕೆ ಮಾತ್ರ ಸಲ್ಲಬೇಕು ಎಂದ. ಎರಡು ವರ್ಷಗಳ ಮೇಲೆ ಪೈನ್ ಎಂಬ ವೈದ್ಯನ ಜೊತೆಗೂಡಿ ಇದರ ಪರಿಣಾಮವನ್ನು ವಿವರಿಸಿದ. ಇಲಿಯ ನಡತೆಯನ್ನು ನೋಡಿ ಆರಿಸಿದ ಔಷಧಿಗಳು ರೋಗಿಯ ನಡತೆಯನ್ನು ಒಂದಿಷ್ಟು ತಿದ್ದಬಹುದು, ಆದರೆ ಅವನು ಅನುಭವಿಸುವ ಕಳವಳ ಅದರಿಂದ ತಗ್ಗಬೇಕೆಂದೇನೂ ಇಲ್ಲ. ಆಗ ರೋಗಿಯ ಮಾತನ್ನೇ ಕೇಳದೆ ಬೇರೆ ದಾರಿ ಯಾವುದು? ಇದನ್ನು ಫ್ಯಾನ್ಸೆಲೊ ಮುಂತಾದವರು ಒಪ್ಪುವುದಿಲ್ಲ. ಬಾಯಿಮಾತು ಮಸುಕಾದದ್ದು, ಅಳತೆಗೆ ಸಿಕ್ಕದ್ದು. ಅದನ್ನು ಭಯದ ಒರೆಗಲ್ಲಾಗಿ ಇಟ್ಟುಕೊಂಡರೆ ವಿಜ್ಞಾನ ಹಿಂದಕ್ಕೆ ಹೋಗುತ್ತದೆ ಎಂಬುದು ಅವರ ವಾದ. ನೂರು ವರ್ಷ ಕಳೆದರೂ ವುಂಟ್ ಮತ್ತು ವಾಟ್ಸನ್ ಎದುರುಬದುರು ಕುಳಿತೇ ಇದ್ದಾರೆ.

ಬಾಯಿಮಾತು ಮಸುಕಾದದ್ದೆಂಬುದನ್ನು ಭಾಷೆ ಕಲಿಸುವ ನಾನು ಅಲ್ಲಗಳೆಯಲಾರೆ. ಭಯ, ಅಂಜಿಕೆ, ದಿಗಿಲು, ಕಳವಳ, ಆತಂಕ, ಗಾಬರಿ ಇವಿಷ್ಟನ್ನೂ ಒಂದೇ ಕಡ್ಡಿಯ ಮೇಲೆ ಗುರುತು ಹಾಕೆಂದರೆ ಯಾರಾದರೂ ತಬ್ಬಿಬ್ಬಾಗುತ್ತಾರೆ. ಅಲ್ಲದೆ ನಮ್ಮ ಜನ ಮನಸ್ಸಿನ ಮಾತನ್ನು ಮೈಯ ಮಾತಿನಲ್ಲೇ ಹೇಳುವುದು ಹೆಚ್ಚು. ಎದೆ ಧಸಕ್ಕೆಂದಿತು, ಕೈಕಾಲು ತಣ್ಣಗಾಯಿತು, ಜೀವ ಬಾಯಿಗೆ ಬಂತು, ಹೊಟ್ಟೆಯೊಳಗೆ ಏನೋ ಆಗುತ್ತದೆ. ಭಯವನ್ನಲ್ಲವಾದರೂ ಅದಕ್ಕೆ ನೆರೆಯ ಖಿನ್ನತೆಯನ್ನು ಕುರಿತು ಬೆಂಗಳೂರಿನಲ್ಲಿ ರಘುರಾಮ್ ಮತ್ತು ಅವರ ಸಹೋದ್ಯೋಗಿಗಳು ಅಧ್ಯಯನವೊಂದನ್ನು ನಡೆಸಿ 1996ರಲ್ಲಿ ಪ್ರಕಟಿಸಿದರು. ಖಿನ್ನತೆಯ ಲಕ್ಷಣಗಳು ಹೆಚ್ಚಾಗಿದ್ದಷ್ಟೂ ರೋಗಿಗಳಿಗೆ ಕಳಂಕದ ಅಂಜಿಕೆ ಹೆಚ್ಚಾಗಿತ್ತು. ಮೈನೋವಿನ ದೂರುಗಳು ಹೆಚ್ಚಾಗಿದ್ದ ಕಡೆ ಆ ಅಂಜಿಕೆ ಕಡಿಮೆಯಾಗಿತ್ತು. ಮೈಕೈ ನೋವೆಂದರೆ ನೆರೆಹೊರೆಯವರು ಆಡಿಕೊಳ್ಳುವುದಿಲ್ಲ. ಮನಸ್ಸಿಗೆ ಸರಿಯಿಲ್ಲವೆಂದರೆ ಮಗಳ ಮದುವೆಯ ಮಾತಿಗೂ ಅಡ್ಡಿಯಾದೀತು. ಇಂಥ ರೋಗಿಯ ಮುಂದೆ ಇಂಗ್ಲಿಷಿನಿಂದ ತರ್ಜುಮೆಯಾದ ಇಪ್ಪತ್ತು ವಾಕ್ಯಗಳನ್ನಿಟ್ಟು ಗುರುತು ಹಾಕೆಂದರೆ ಬರುವ ಅಂಕ ಅವನ ಕಳವಳವನ್ನಷ್ಟೇ ಹೇಳುವುದಿಲ್ಲ, ಅವನು ಯಾರಿಗೆ ಅಂಜುತ್ತಾನೆಂಬುದನ್ನೂ ಹೇಳುತ್ತದೆ. ಪಕ್ಕದಲ್ಲಿ ಮನೆಯವರು ನಿಂತಿದ್ದರೋ, ಕಾಗದದ ಮೇಲೆ ಹೆಸರಿತ್ತೋ, ಉತ್ತರದ ಮೇಲೆ ಕೆಲಸವೋ ರಜವೋ ನಿಂತಿತ್ತೋ ಎಂಬುದನ್ನು ತಿಳಿಯದೆ ಆ ಅಂಕವನ್ನು ಓದುವುದು ಕಷ್ಟ. ಡಾಲರ್ಡನಿಗೆ ಸ್ಪೇನಿನಿಂದ ಬಂದವರು ನಿಜ ಹೇಳಿದ್ದರೆ, ಹೇಳಿದ್ದರಿಂದ ಅವರು ಕಳೆದುಕೊಳ್ಳುವುದು ಏನೂ ಇರಲಿಲ್ಲವೆಂಬುದೂ ಅದಕ್ಕೆ ಕಾರಣ.

ಮೊದಲನೆಯ ಮಹಾಯುದ್ಧದಲ್ಲಿ ಹೇಡಿತನ, ಪಲಾಯನ ಮುಂತಾದ ಆರೋಪಗಳ ಮೇಲೆ ಬ್ರಿಟಿಷ್ ಸೈನ್ಯ ಹೀಗೆ ಕೊಂದ 306 ಮಂದಿಗೆ 2006ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಕ್ಷಮಾದಾನ ದೊರೆಯಿತು. ಅದಕ್ಕಾಗಿ ಹೋರಾಡಿದವರಲ್ಲಿ ಹ್ಯಾರಿ ಫಾರನ ಮಗಳೂ ಒಬ್ಬಳು. ಆ ವೇಳೆಗೆ ಅವಳಿಗೆ ತೊಂಬತ್ತು ದಾಟಿತ್ತು. ಯುದ್ಧಕ್ಕೆ ತುತ್ತಾದ ಆ ಸಿಪಾಯಿಗಳಿಗೆ ಅಂಥ ಗತಿ ಸಲ್ಲತಕ್ಕದ್ದಲ್ಲವೆಂದು ಸರ್ಕಾರ ಒಪ್ಪಿಕೊಂಡಿತು. ಆದರೆ ಕ್ಷಮಾದಾನದಿಂದ ಅಂದಿನ ಅಪರಾಧನಿರ್ಣಯಕ್ಕಾಗಲಿ ಶಿಕ್ಷೆಗಾಗಲಿ ಬಾಧಕವಿಲ್ಲವೆಂದು ಅದೇ ಕಾಯಿದೆಯಲ್ಲಿ ಬರೆದಿದೆ. ಆ ಇಪ್ಪತ್ತು ನಿಮಿಷಗಳ ತೀರ್ಪು ಕಡತದಲ್ಲಿ ಹಾಗೆಯೇ ಉಳಿದಿದೆ.